ನೆಟ್ಟೇ ಇಲ್ಲದ ಡೆಬಿಯನ್‌ಗೆ ವೈಫೈ: ಆರು ಲ್ಯಾಪ್‌ಟಾಪ್, ಒಂದು ಪೆನ್‌ಡ್ರೈವ್

ಆರು ಹಳೇ ಲ್ಯಾಪ್‌ಟಾಪ್, ಎಲ್ಲದರಲ್ಲೂ ಡೆಬಿಯನ್ 12 (ಲಿನಕ್ಸ್), ಎಲ್ಲದರಲ್ಲೂ ಬ್ರಾಡ್‌ಕಾಮ್‌ನ ಬಿಸಿಎಂ43142 ವೈಫೈ ಚಿಪ್. ಆ ಜಾಗದಲ್ಲಿ ಇರೋದು ಕಿವಿಕ್ಸ್ (ವಿಕಿಪೀಡಿಯದಂಥವನ್ನು ನೆಟ್ ಇಲ್ಲದೆ ಓದಿಸುವ) ಸರ್ವರಿನ ಲೋಕಲ್ ವೈಫೈ ಮಾತ್ರ. ಮೊಬೈಲ್ ಸಿಗ್ನಲ್ಲೂ ಇಲ್ಲ, ಹಾಗಾಗಿ ಟೆದರಿಂಗ್ ಮಾತು ಬೇಡ. "ಆಫ್‌ಲೈನಲ್ಲಿ ಡಬ್ಲ್ಯೂಎಲ್ (ಈ ಚಿಪ್ಪಿನ ಡ್ರೈವರ್) ಬಿಲ್ಡ್ ಆಗಲ್ಲ, ವೈಫೈ ಕಾರ್ಡೇ ಬದಲಾಯಿಸು" ಅಂದವರೇ ಹೆಚ್ಚು. ಕಾರ್ಡಿಗೆ ತಲಾ ಏಳ್ನೂರು ಹಿಡಿದರೂ ನಾಲ್ಕು ಸಾವಿರ ದಾಟುತ್ತೆ. ಮೇಲಾಗಿ ಕೆಲವು ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟೇ ಆಗಲ್ಲ. ನನಗೆ ಕಾರ್ಡ್ ಒಂದೂ ಬೇಕಾಗಲಿಲ್ಲ.

ಮೊದಲು ಕೆಟ್ಟದ್ದು ಬಿ43 ಅನ್ನೋ ಇನ್ನೊಂದು ಡ್ರೈವರ್ ಹಿಂದೆ ಬಿದ್ದು. ಈ ಚಿಪ್ಪನ್ನು ಅದು ನಡೆಸುವುದೇ ಇಲ್ಲ. ಸಾಲದ್ದಕ್ಕೆ ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಡೆಬ್ (ಡೆಬಿಯನ್ ಪ್ಯಾಕೇಜ್ ಫೈಲ್) ಒಳಗೆ ಫರ್ಮ್‌ವೇರೇ ಇರಲ್ಲ, ಇನ್‌ಸ್ಟಾಲ್ ಆಗುವಾಗ ನೆಟ್‌ನಿಂದ ಎಳೆಯುತ್ತೆ. ಬೇಕಾದದ್ದು ಡೆಬಿಯನ್‌ನ ನಾನ್-ಫ್ರೀ ವಿಭಾಗದಲ್ಲಿರುವ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್. ಡಬ್ಲ್ಯೂಎಲ್ ಡ್ರೈವರ್ ಬರೋದು ಇದರಲ್ಲೇ; ಡಿಕೆಎಂಎಸ್ ಅಂದರೆ ಡ್ರೈವರನ್ನು ಕರ್ನಲ್‌ಗೆ ತಕ್ಕಂತೆ ಯಂತ್ರದಲ್ಲೇ ಬಿಲ್ಡ್ ಮಾಡುವ ಟೂಲ್.

ಅದೂ ಎರಡು ಸಲ ಕೈಕೊಟ್ಟಿತು. ನೆಟ್ ಇರುವ ಮನೆಯ ಡೆಬಿಯನ್‌ನಲ್ಲಿ ಆಪ್ಟ್‌ಗೆ (ಪ್ಯಾಕೇಜ್ ತರುವ ಟೂಲ್) ಪ್ರಿಂಟ್-ಯುಆರ್‌ಐಸ್ ಹಾಕಿ, ಇಳಿಸಬೇಕಾದ ಡೆಬ್‌ಗಳ ಪಟ್ಟಿ ತೆಗೆದರೆ ಬಿಲ್ಡ್‌ಗೆ ಬೇಕಾದ ಜಿಸಿಸಿ, ಮೇಕ್ ಎಲ್ಲಾ ನಾಪತ್ತೆ, ಯಾಕೆಂದರೆ ಅವು ಮನೆಯ ಯಂತ್ರದಲ್ಲಿ ಮೊದಲೇ ಇದ್ದವು. ಆಫ್‌ಲೈನ್ ಯಂತ್ರದ ಡಿಪಿಕೆಜಿ ಸ್ಟೇಟಸ್ ಫೈಲನ್ನೇ (ಅದರಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ ಅನ್ನೋ ಪಟ್ಟಿ) ಪೆನ್‌ಡ್ರೈವಲ್ಲಿ ತಂದು, ಆಪ್ಟ್‌ಗೆ ಅದನ್ನೇ ತೋರಿಸಿದ ಮೇಲೆ ಪಟ್ಟಿ ಸರಿಹೋಯಿತು: ಇಪ್ಪತ್ತೈದರ ಆಸುಪಾಸು ಡೆಬ್, ನೂರು ಎಂಬಿ ಒಳಗೆ. (ಆಪ್ಟ್-ಆಫ್‌ಲೈನ್ ಅನ್ನೋ ಟೂಲ್ ಕೂಡ ಇದೇ ಕೆಲಸ ಮಾಡುತ್ತೆ.) ಎರಡನೇ ಸಲ ಕೈಕೊಟ್ಟಿದ್ದು ಹೆಡರ್ಸ್, ಅಂದರೆ ಡ್ರೈವರ್ ಬಿಲ್ಡ್ ಮಾಡಲು ಬೇಕಾದ ಕರ್ನಲ್ ಫೈಲುಗಳು. ಯಂತ್ರದಲ್ಲಿ 6.1.0-18 ಕರ್ನಲ್ ಓಡುತ್ತಿತ್ತು, ಮಿರರ್‌ನಲ್ಲಿ (ಡೆಬಿಯನ್ ಡೌನ್‌ಲೋಡ್ ಸರ್ವರ್) ಸಿಕ್ಕಿದ್ದು 6.1.0-25ರ ಹೆಡರ್ಸ್. ಡಿಕೆಎಂಎಸ್ ಹೊಸದಕ್ಕೆ ಸದ್ದಿಲ್ಲದೆ ಬಿಲ್ಡ್ ಮಾಡಿತು, ಓಡುತ್ತಿದ್ದ ಕರ್ನಲ್‌ಗೆ ಡ್ರೈವರ್ ಮಾಡ್ಯೂಲೇ ಇಲ್ಲ. ಹಳೇ ಹೆಡರ್ಸ್ ಹುಡುಕುತ್ತಾ ಕೂರಬೇಡಿ. ಹೊಸ ಹೆಡರ್ಸ್ ನಂಬರಿನದೇ ಲಿನಕ್ಸ್-ಇಮೇಜ್ ಡೆಬ್ಬನ್ನೂ (ಅಂದರೆ ಕರ್ನಲ್ಲನ್ನೇ) ಜೊತೆಗೆ ತನ್ನಿ, ಎಪ್ಪತ್ತು ಎಂಬಿ ಚಿಲ್ಲರೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ ಆಪ್ಟ್ ಇನ್‌ಸ್ಟಾಲ್ ಡಾಟ್-ಸ್ಲ್ಯಾಶ್-ಸ್ಟಾರ್ ಕೊಟ್ಟರೆ ಯಾವುದು ಮೊದಲು ಅನ್ನೋ ತಲೆನೋವು ಇಲ್ಲ. ಅಡ್ಡ ಬರುವ ಬಿ43, ಬಿಸಿಎಂಎ ಡ್ರೈವರ್‌ಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡುವುದನ್ನು ಪ್ಯಾಕೇಜೇ ನೋಡಿಕೊಳ್ಳುತ್ತೆ, ರೀಬೂಟ್ ಸಾಕು.

ನಡುವೆ ನಾನೂರು ಚಿಲ್ಲರೆ ಕೊಟ್ಟು ಯುಎಸ್‌ಬಿ ವೈಫೈ ಡಾಂಗಲ್ ಒಂದನ್ನೂ ತಂದು ನೋಡಿದೆ. ಚುಚ್ಚಿದರೆ ಸಿಡಿ ಡ್ರೈವ್ ಅಂತ ಕಂಡಿತು, ಒಳಗೆ ವಿಂಡೋಸ್ ಡ್ರೈವರ್! ಇಜೆಕ್ಟ್ ಕೊಟ್ಟ ಮೇಲೆ ವೈಫೈ ರೂಪಕ್ಕೆ ಬಂತು, ಆದರೆ ಅದರ ಡ್ರೈವರ್ 6.1 ಕರ್ನಲ್‌ನಲ್ಲಿಲ್ಲ. ದುಡ್ಡು ಹೋಯಿತು.

ಸೆಕ್ಯೂರ್ ಬೂಟ್ (ನಂಬಿಕೆಯ ಕೀಯಿಂದ ಸಹಿಯಾಗದ ಡ್ರೈವರನ್ನು ತಡೆಯುವ ವ್ಯವಸ್ಥೆ) ಆನ್ ಇದ್ದ ಎರಡು ಯಂತ್ರಗಳಲ್ಲಿ ಮಾತ್ರ, ಡ್ರೈವರ್ ಲೋಡ್ ಮಾಡುವ ಮಾಡ್‌ಪ್ರೋಬ್ "ಕೀ ರಿಜೆಕ್ಟೆಡ್" ಅಂತ ಬೈಯಿತು. ವಾರ್-ಲಿಬ್-ಡಿಕೆಎಂಎಸ್ ಫೋಲ್ಡರ್ ಒಳಗಿನ ಮಾಕ್ ಡಾಟ್ ಪಬ್ ಫೈಲನ್ನು (ಡಿಕೆಎಂಎಸ್ ಸಹಿಯ ಕೀ) ಮಾಕ್‌ಯುಟಿಲ್ ಕಮಾಂಡ್‌ನಿಂದ ಇಂಪೋರ್ಟ್ ಮಾಡಿ ರೀಬೂಟ್ ಮಾಡಿ. ಆ ಕೀಯನ್ನು ಒಪ್ಪಿಸಲು ಬರುವ ನೀಲಿ ಪರದೆ ಹತ್ತೇ ಸೆಕೆಂಡ್ ಕಾಯುತ್ತೆ, ಟೀ ಹೀರುತ್ತಾ ಕೂತರೆ ಮತ್ತೆ ಮೊದಲಿಂದ.

ಮೊದಲ ಯಂತ್ರಕ್ಕೆ ಎರಡು ದಿನ, ಮಿಕ್ಕವಕ್ಕೆ ತಲಾ ಕಾಲು ಗಂಟೆ. ಬ್ಲೂಟೂತ್ ಮಾತ್ರ ಇನ್ನೂ ಎದ್ದಿಲ್ಲ, ಅದಕ್ಕೆ ಹೆಚ್‌ಸಿಡಿ ಫೈಲ್ (ಬ್ಲೂಟೂತ್‌ನ ಫರ್ಮ್‌ವೇರ್) ಬೇರೆಯೇ ಬೇಕು.