ಮಾವಿನ ಐಸ್ ಕ್ಯಾಂಡಿಯಲ್ಲಿ ಸಬ್ಬಕ್ಕಿ ಗಟ್ಟಿಯಾಗದಿರಲು

ಬೇಯಿಸಿದ ಸಬ್ಬಕ್ಕಿಯನ್ನು ಹಾಗೇ ಫ್ರೀಜರಿನಲ್ಲಿಟ್ಟರೆ ಕಲ್ಲಾಗುತ್ತದೆ. ಒಳಗಿನ ನೀರು ಹೆಪ್ಪುಗಟ್ಟುತ್ತದೆ, ಪಿಷ್ಟವೂ ಬಿಗಿಯುತ್ತದೆ. ಇದಕ್ಕೆ ಸಕ್ಕರೆ ಪಾಕವೇ ಮದ್ದು.

ಕಾಲು ಕಪ್ ಸಬ್ಬಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಧಾರಾಳ ಕುದಿನೀರಿನಲ್ಲಿ ನಡುವಿನ ಬಿಳಿಚುಕ್ಕೆ ಮಾಯವಾಗುವವರೆಗೆ ಬೇಯಿಸಿ. ತಣ್ಣೀರಿನಲ್ಲಿ ತೊಳೆದು ಸೋಸಿ. ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರು ಕುದಿಸಿ ಆರಿಸಿದ ಪಾಕದಲ್ಲಿ ಒಂದು ಗಂಟೆ ಬಿಡಿ. ಈ ಹಂತ ಮಾತ್ರ ಬಿಡಲೇಬೇಡಿ.

ಎರಡು ಕಪ್ ಬಾದಾಮಿ ಮಾವಿನ ತಿರುಳು, ಅರ್ಧ ಕಪ್ ನೀರು, ಮೂರು ಚಮಚ ಸಕ್ಕರೆ, ಒಂದು ಚಮಚ ನಿಂಬೆರಸ, ಚಿಟಿಕೆ ಉಪ್ಪು ಸೇರಿಸಿ ರುಬ್ಬಿ. ತಣ್ಣಗಾದಾಗ ಸಿಹಿ ಮಂಕಾಗುವುದರಿಂದ ಈಗ ಸ್ವಲ್ಪ ಜಾಸ್ತಿಯೇ ಅನ್ನಿಸಬೇಕು. ಆದರೆ ವಿಪರೀತ ಹಾಕಿದರೆ ಕ್ಯಾಂಡಿ ಗಟ್ಟಿಯಾಗದೆ ಕಡ್ಡಿಯಿಂದ ಜಾರುತ್ತದೆ. ನಾರಿರುವ ಹಣ್ಣಾದರೆ ಸೋಸಿ.

ತಿರುಳನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟು, ಅಂಚು ಮಂಜುಗಟ್ಟಿದ ಮೇಲೆ ಪಾಕ ಬಸಿದ ಸಬ್ಬಕ್ಕಿ ಕಲಸಿ. ಮೊದಲೇ ಹಾಕಿದರೆ ಎಲ್ಲ ತಳಕ್ಕಿಳಿಯುತ್ತದೆ. ಮೇಲೆ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟು ಅಚ್ಚಿಗೆ ತುಂಬಿ, ಕಡ್ಡಿ ಚುಚ್ಚಿ, ಎಂಟು ಗಂಟೆ ಇಡಿ. ತೆಗೆಯುವಾಗ ನಲ್ಲಿನೀರಿನಲ್ಲಿ ಹದಿನೈದು ಸೆಕೆಂಡ್ ಅದ್ದಿದರೆ ಸಾಕು, ಬಿಸಿನೀರು ಬೇಡ.

ಸಬ್ಬಕ್ಕಿ ಇಷ್ಟವಿಲ್ಲದವರು ಎಳನೀರಿನ ಗಂಜಿಯನ್ನು ಸಣ್ಣಗೆ ಹೆಚ್ಚಿ, ಇದೇ ಪಾಕದಲ್ಲಿ ನೆನೆಸಿ ಹಾಕಬಹುದು.