ಲಿಸ್ಟಿಗೇ ಬಂದುಬಿಡುವ ‘ಅನ್‌ಸಬ್‌ಸ್ಕ್ರೈಬ್’ ಮೇಲ್‌ಗಳು

ಹಲವು ವರ್ಷಗಳಿಂದ ನಾನು ಒಂದು ತಾಂತ್ರಿಕ ಮೇಲಿಂಗ್ ಲಿಸ್ಟ್ ನೋಡಿಕೊಳ್ಳುತ್ತಿದ್ದೇನೆ. ಅಂದರೆ, ಒಂದು ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ಮೇಲ್ ಹೋಗುವ ವ್ಯವಸ್ಥೆ. ಮೇಲ್‌ಮ್ಯಾನ್ 2.1 ಎಂಬ ತಂತ್ರಾಂಶದಲ್ಲಿ ನಡೆಯುವ ಲಿಸ್ಟು. ‘ಅನ್‌ಸಬ್‌ಸ್ಕ್ರೈಬ್ ಮಾಡಿ’ ಎಂಬ ಒಂದು ಸಾಲಿನ ಮೇಲ್ ಎಲ್ಲ ಸದಸ್ಯರಿಗೂ ಹೋಗಿಬಿಡುವುದು ಇಲ್ಲಿ ಮಾಮೂಲು. ಆಮೇಲೆ ಒಬ್ಬರು ‘ನನ್ನನ್ನೂ ತೆಗೆಯಿರಿ’ ಎನ್ನುತ್ತಾರೆ, ಇನ್ನೊಬ್ಬರು ‘ಕೆಳಗಿರುವ ಲಿಂಕ್ ಕಾಣಲ್ವಾ?’ ಎಂದು ಗದರುತ್ತಾರೆ. ಈ ಗದರುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಹೊರಹೋಗುವ ದಾರಿ ಪ್ರತಿ ಮೇಲ್‌ನಲ್ಲೂ ಇರುತ್ತದೆ, ನಿಜ. ಮೇಲ್‌ನ ಹೆಡರ್‌ನಲ್ಲಿ, ಅಂದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳದ ತಲೆಭಾಗದಲ್ಲಿ, ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಎಂಬ ಸಾಲಿರುತ್ತದೆ. ಅದು 1998ರಲ್ಲೇ ಆರ್‌ಎಫ್‌ಸಿ 2369 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಲ್ಲಿ ಬಂದಿದೆ. ಆದರೆ ಹೆಡರ್ ತೆರೆದು ನೋಡುವವರು ಎಷ್ಟು ಜನ? ಫೋನಿನಲ್ಲಂತೂ ಮೇಲ್‌ನ ಕೊನೆಗೆ ಲಿಂಕ್ ಇರುವ ಫೂಟರ್ ಹಳೇ ಉತ್ತರಗಳ ರಾಶಿಯ ಕೆಳಗೆ ಮುಚ್ಚಿಹೋಗಿರುತ್ತದೆ.

ಮೇಲ್‌ಮ್ಯಾನ್‌ನಲ್ಲಿ ‘ಅಡ್ಮಿನಿಸ್ಟ್ರಿವಿಯಾ’ ಎಂಬ ಸೆಟ್ಟಿಂಗ್ ಇದೆ. ‘unsubscribe’ನಂಥ ಇಂಗ್ಲಿಷ್ ಕಮಾಂಡ್‌ನಂತೆ ಕಾಣುವ ಪುಟ್ಟ ಮೇಲ್‌ಗಳನ್ನು ಅದು ತಡೆದು, ಪರಿಶೀಲಿಸುವ ಮಾಡರೇಟರ್ ಮುಂದೆ ಇಡುತ್ತದೆ. ಅದನ್ನು ಆನ್ ಮಾಡಿಟ್ಟಿದ್ದೇನೆ. ಆದರೆ ಯಾರಾದರೂ ವಿನಯದಿಂದ ಪೂರ್ತಿ ವಾಕ್ಯ ಬರೆದರೆ, ಅಥವಾ ಕನ್ನಡದಲ್ಲಿ ಬರೆದರೆ, ಮೇಲ್ ದಾಟಿ ಹೋಗುತ್ತದೆ. ‘ನನ್ನನ್ನೂ’ ಎಂಬ ಸಾಲು ಬೆಳೆಯತೊಡಗಿದರೆ ಎಮರ್ಜೆನ್ಸಿ ಮಾಡರೇಶನ್ ಹಾಕುತ್ತೇನೆ. ಆಗ ಹೊಸ ಮೇಲ್ ಎಲ್ಲ ನನ್ನ ಬಳಿಯೇ ನಿಲ್ಲುತ್ತದೆ. ಕೇಳಿದವರಿಗೆ ಮಾತ್ರ ಖಾಸಗಿಯಾಗಿ ಬರೆಯುತ್ತೇನೆ, ಲಿಸ್ಟಿಗೆ ಒಂದಕ್ಷರವೂ ಇಲ್ಲ.

ಬಹಳ ಸಲ ಅವರು ಸರಿಯಾದ ದಾರಿಯಲ್ಲೇ ಪ್ರಯತ್ನಿಸಿ ಸೋತು, ಬೇಸತ್ತು ಲಿಸ್ಟಿಗೆ ಬರೆದಿರುತ್ತಾರೆ. ನಿವೃತ್ತರಾದ ಮೇಷ್ಟ್ರೊಬ್ಬರದು ಹೀಗೇ ಆಯಿತು. ಜಿಮೇಲ್‌ನಿಂದ ಅನ್‌ಸಬ್‌ಸ್ಕ್ರೈಬ್ ಕೋರಿಕೆ ಎಷ್ಟು ಸಲ ಕಳಿಸಿದರೂ ‘ನೀವು ಸದಸ್ಯರಲ್ಲ’ ಎಂಬ ಉತ್ತರ. ಮೇಲ್ ಮಾತ್ರ ಬರುತ್ತಲೇ ಇತ್ತು. ‘ಸರ್, ಒಂದು ಮೇಲ್ ತೆರೆದು ಶೋ ಒರಿಜಿನಲ್ ಒತ್ತಿ, ಬಂದದ್ದನ್ನು ನನಗೆ ಕಳಿಸಿ’ ಎಂದೆ. ದಾರಿಯ ಪ್ರತಿ ಸರ್ವರ್ ಹೆಡರ್‌ಗೆ ಸೇರಿಸುವ ‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದರೆ ಮೇಲ್ ನಡೆದು ಬಂದ ದಾರಿ ಸಿಗುತ್ತದೆ. ಮಧ್ಯದ ಒಂದು ಸಾಲಿನಲ್ಲಿ ‘ಫಾರ್’ ಎಂಬುದರ ಮುಂದೆ ಅವರ ಹಳೇ ಕಾಲೇಜಿನ ವಿಳಾಸವಿತ್ತು. ಸದಸ್ಯರಾಗಿದ್ದದ್ದು ಆ ವಿಳಾಸ. ಅಲ್ಲಿಂದ ಜಿಮೇಲ್‌ಗೆ ಫಾರ್ವರ್ಡ್ ಆಗುತ್ತಿತ್ತು, ಅವರಿಗೆ ಅದು ಮರೆತೇ ಹೋಗಿತ್ತು.

ವಿಳಾಸ ಸಿಕ್ಕ ಕೂಡಲೇ ಹೆಸರು ತೆಗೆಯುವುದಿಲ್ಲ. ಕಳಿಸಿದವರ ವಿಳಾಸವನ್ನು ಯಾರು ಬೇಕಾದರೂ ನಕಲಿ ಮಾಡಬಹುದು, ಅಲ್ವಾ? ಹಾಗಾಗಿ ಸದಸ್ಯತ್ವದಲ್ಲಿರುವ ವಿಳಾಸಕ್ಕೇ ಬರೆದು ಕೇಳುತ್ತೇನೆ. ಅದು ಫಾರ್ವರ್ಡ್ ಆಗಿ ಅವರಿಗೇ ತಲುಪುತ್ತದೆ, ಅವರು ಹೂಂ ಅಂದ ಮೇಲೆ ತೆಗೆಯುತ್ತೇನೆ.

ಇದಾದ ಮೇಲೆ ಪರ್ಸನಲೈಸೇಶನ್ ಆನ್ ಮಾಡಿ, ಪ್ರತಿ ಮೇಲ್‌ನ ಫೂಟರ್‌ನಲ್ಲಿ ಆಯಾ ಸದಸ್ಯರ ವಿಳಾಸ ಕಾಣುವಂತೆ ಮಾಡಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಕಳಿಸಬೇಕಾದ್ದರಿಂದ ಸರ್ವರ್‌ಗೆ ಕೆಲಸ ಜಾಸ್ತಿ. ನನ್ನ ಪ್ರಕಾರ ಅದು ಮಾಡಬೇಕಾದ ಖರ್ಚೇ. ಈಗ ಫೂಟರ್‌ ಶುರುವಾಗುವುದು ಹೀಗೆ: ‘ಈ ಮೇಲ್ ಬಂದದ್ದು ಈ ವಿಳಾಸಕ್ಕೆ. ಬೇಡವಾದರೆ ಲಿಸ್ಟಿಗೆ ಉತ್ತರಿಸಬೇಡಿ. ಇದೇ ವಿಳಾಸದಿಂದ, ಲಿಸ್ಟಿನ ವಿಳಾಸದಲ್ಲಿ @ ಗುರುತಿಗೆ ಮೊದಲು, ಹೆಸರಿನ ಕೊನೆಗೆ ‘-leave’ ಸೇರಿಸಿ, ಆ ವಿಳಾಸಕ್ಕೆ ಖಾಲಿ ಮೇಲ್ ಕಳಿಸಿ. ಖಚಿತಪಡಿಸಲು ಬರುವ ಮೇಲ್‌ಗೆ ಉತ್ತರಿಸಿ. ಕಾಣದಿದ್ದರೆ ಸ್ಪ್ಯಾಮ್‌ನಲ್ಲೂ ನೋಡಿ.’