ನಿಲ್ದಾಣದಲ್ಲಿ ಒಂಟಿ ಮಗು ಕಂಡರೆ ಏನು ಮಾಡಬೇಕು?

ಕೇರಳದ ಕಡೆಯಿಂದ ಬರುವ ಹಲವು ರೈಲುಗಳಿಗೆ ಮಂಗಳೂರು ಸೆಂಟ್ರಲ್ ಕೊನೆಯ ನಿಲ್ದಾಣ. ಎಲ್ಲರೂ ಇಳಿದ ಮೇಲೆ ಬೋಗಿಯ ಮೂಲೆಯಲ್ಲಿ ಮಲಗಿದ್ದ ಹುಡುಗನೂ ಇಳಿಯಲೇಬೇಕು. ಅಲ್ಲಿಂದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣವಾಗಲಿ ಬಂದರಿನ ದಕ್ಕೆಯಾಗಲಿ ನಡೆದೇ ತಲುಪುವಷ್ಟು ಹತ್ತಿರ. ಇಂಥ ಮಗು ಪೊಲೀಸರಿಗಿಂತ ಮೊದಲು ಕಣ್ಣಿಗೆ ಬೀಳುವುದು ಕ್ಯಾಂಟೀನಿನವರಿಗೆ, ರಿಕ್ಷಾ ಚಾಲಕರಿಗೆ, ಬಸ್ಸಿಗೆ ಕಾಯುವ ನಮ್ಮಂಥವರಿಗೆ. ಆ ಅರ್ಧ ಗಂಟೆಯಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಮೊದಲು ಪಕ್ಕದಲ್ಲಿ ಕುಳಿತುಕೊಳ್ಳಿ

ನಿಂತುಕೊಂಡು ಮಾತಾಡಿಸಿದರೆ ಮಗುವಿನ ಕಣ್ಣಿಗೆ ನೀವೂ ಟಿಕೆಟ್ ಕೇಳುವವರಂತೆಯೇ ಕಾಣುತ್ತೀರಿ. ಮೊದಲ ಪ್ರಶ್ನೆ ಊಟದ್ದಿರಲಿ. ‘ಊಟ ಆಯಿತಾ ಪುಟ್ಟಾ?’ ಎಂದು ಕೇಳಿ. ಕನ್ನಡಕ್ಕೆ ಉತ್ತರ ಬರದಿದ್ದರೆ ತುಳು, ಬ್ಯಾರಿ, ಮಲಯಾಳ, ಹಿಂದಿ ಬಲ್ಲವರು ಅಕ್ಕಪಕ್ಕದ ಅಂಗಡಿಗಳಲ್ಲೇ ಸಿಗುತ್ತಾರೆ. ಈ ಊರಿನ ಭಾಗ್ಯ ಅದು. ಎಲ್ಲರಿಗೂ ಕಾಣುವ ಜಾಗದಲ್ಲೇ ಎರಡು ಇಡ್ಲಿ, ಒಂದು ಲೋಟ ನೀರು ಕೊಡಿಸಿ. ಕೈಗೆ ದುಡ್ಡು ಬೇಡ. ಒಂಟಿ ಮಗುವಿನ ಕೈಯಲ್ಲಿ ದುಡ್ಡು ಕಂಡರೆ ಕಸಿಯುವವರೂ ಬರುತ್ತಾರೆ.

‘ಮನೆ ಯಾಕೆ ಬಿಟ್ಟೆ?’ ಎಂದು ಕೆದಕಬೇಡಿ. ಅದನ್ನು ಕೇಳಿಸಿಕೊಳ್ಳಲು ತರಬೇತಿ ಪಡೆದವರಿದ್ದಾರೆ. ಹೊಡೆತ ತಾಳದೆ ಬಂದ ಮಗುವಿಗೆ ‘ಅಪ್ಪನಿಗೆ ಫೋನ್ ಮಾಡುತ್ತೇನೆ’ ಎಂಬ ಒಂದು ಮಾತು ಸಾಕು, ಎದ್ದು ಓಡಿಬಿಡುತ್ತದೆ. ಹೆಸರು ಸುಳ್ಳು ಹೇಳಿದರೂ ವಾದಿಸಬೇಡಿ. ಹೆಸರು ಬಚ್ಚಿಟ್ಟ ಮಗು ಬೇರೇನೋ ಹೇಳಿಬಿಡುತ್ತದೆ: ಶಾಲೆಯ ಹಿಂದೆ ಕೆರೆ ಇದೆ, ಜಾತ್ರೆಗೆ ತೇರು ಎಳೆಯುತ್ತಾರೆ, ಅಮ್ಮ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ. ಇಂಥವನ್ನು ಮಗುವಿನದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಡಗಿಯ ಕಡೆಯೋ ರಾಯಚೂರಿನ ಕಡೆಯೋ ಎಂಬ ಸುಳಿವು ಅಲ್ಲೇ ಇರಬಹುದು.

ಆಮೇಲೆ 1098

ಬೀದಿಯ ಮಕ್ಕಳಿಗಾಗಿಯೇ 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಈ ಸಹಾಯವಾಣಿ ಈಗ ದೇಶವಿಡೀ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ತಕ್ಷಣದ ಅಪಾಯವಿದ್ದರೆ 112, ರೈಲಿನಲ್ಲಾದರೆ 139. ನೀವಿರುವ ಜಾಗ, ಮಗುವಿನ ಅಂದಾಜು ವಯಸ್ಸು, ಗಾಯ ಅಥವಾ ಜ್ವರ ಇದೆಯೇ ಎಂಬುದನ್ನು ಹೇಳಿ. ಅವರು ಬರುವವರೆಗೆ ಅಲ್ಲಿಂದ ಕದಲಬೇಡಿ. ನಿಮ್ಮ ಬಸ್ಸು ಹೋದರೆ ಹೋಗಲಿ. ಬಾಲನ್ಯಾಯ ಕಾಯ್ದೆ, 2015ರ 32ನೇ ಕಲಂ ಪ್ರಕಾರ, ಪೋಷಕರಿಲ್ಲದೆ ಸಿಕ್ಕ ಮಗುವಿನ ಬಗ್ಗೆ 24 ಗಂಟೆಯೊಳಗೆ ತಿಳಿಸುವುದು ಕಡ್ಡಾಯ.

ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದಂತೂ ಬೇಡವೇ ಬೇಡ. ಯಾರಿಂದ ತಪ್ಪಿಸಿಕೊಂಡು ಮಗು ಬಂದಿದೆಯೋ ಅವರಿಗೇ ಆ ಫೋಟೊ ದಾರಿ ತೋರಿಸಬಹುದು. ಇಂಥ ಮಕ್ಕಳ ಗುರುತು ಪ್ರಕಟಿಸುವುದು ಅದೇ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ ಕೂಡ. ಕನಿಕರದಿಂದಾದರೂ ಸರಿ, ಮಗುವನ್ನು ಮನೆಗೆ ಕರೆದುಕೊಂಡು ಹೋಗಬೇಡಿ. ಗುರುತಿನವರ ಆಶ್ರಮಕ್ಕೆ ಬಿಟ್ಟುಬರುವುದೂ ಸಲ್ಲದು, ಅದು ನೋಂದಣಿಯಾದ ಸಂಸ್ಥೆಯೇ ಎಂದು ಖಚಿತವಾಗದ ಹೊರತು.

ಒಂದು ಎಚ್ಚರಿಕೆ. ಉಡುಪಿಯ ರಥಬೀದಿಯಲ್ಲಿ ಹಬ್ಬದ ದಿನ ಬಲೂನು ಮಾರುವ ತಾಯಿಯ ಪಕ್ಕ ಆಡುವ ಮಗುವೂ ಬೀದಿಯಲ್ಲೇ ಇರುತ್ತದೆ. ಬಡತನವೊಂದೇ ಕಾರಣಕ್ಕೆ ಅದನ್ನು ತಾಯಿಯಿಂದ ಬಿಡಿಸಬಾರದು. ಅಲ್ಲಿ ಬೇಕಿರುವುದು ಅಂಗನವಾಡಿ, ಶಾಲೆ. ಹಾಗೆಂದು ಭಿಕ್ಷೆಗೆ ದೂಡಿದ ಲಕ್ಷಣ ಕಂಡರೆ ಸುಮ್ಮನಿರಬೇಡಿ. ಆಗಲೂ 1098ಕ್ಕೆ ತಿಳಿಸಿ.

ಮಗು ಎಲ್ಲಿಗೆ ಹೋಗುತ್ತದೆ?

24 ಗಂಟೆಯೊಳಗೆ (ಪ್ರಯಾಣದ ಸಮಯ ಬಿಟ್ಟು) ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಸಮಿತಿಯ ಆದೇಶದಂತೆ ಮಗು ಬಾಲಮಂದಿರದಲ್ಲೋ, ಮಕ್ಕಳನ್ನು ಸ್ವಲ್ಪ ಕಾಲ ಇರಿಸಿಕೊಳ್ಳುವ ತೆರೆದ ತಂಗುದಾಣದಲ್ಲೋ ಉಳಿಯುತ್ತದೆ. ಸಮಾಜ ಕಾರ್ಯಕರ್ತರು 15 ದಿನಗಳೊಳಗೆ ಮನೆಯ ಸ್ಥಿತಿ ವಿಚಾರಿಸಿ ವರದಿ ಕೊಡಬೇಕು. ನೀವು ಬರೆದಿಟ್ಟ ಕೆರೆ, ತೇರು, ಮೆಣಸಿನಕಾಯಿ ನೆರವಾಗುವುದು ಇಲ್ಲಿ.

ಮನೆ ಸುರಕ್ಷಿತವಾಗಿದ್ದರೆ ಮಗು ಮನೆಗೇ ಹೋಗಬೇಕು. ಸಂಸ್ಥೆ ಕೊನೆಯ ಆಯ್ಕೆಯಾಗಿರಬೇಕು ಎನ್ನುತ್ತದೆ ಕಾಯ್ದೆ. ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಪಾಯಸದ ಊಟ ಹಾಕಿಸುವ ಅನೇಕರನ್ನು ಬಲ್ಲೆ. ಅವರ ಮನಸ್ಸು ದೊಡ್ಡದು. ಆದರೆ ಅದೇ ಹಣ ಒಬ್ಬ ವಿಧವೆ ತಾಯಿಗೆ ತಿಂಗಳು ತಿಂಗಳು ತಲುಪಿದರೆ ಅವಳ ಮಗು ಅನಾಥಾಲಯದ ಮೆಟ್ಟಿಲು ಹತ್ತುವುದೇ ಬೇಡ. ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ರೂಪಿಸಿದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆ ಇರುವುದೇ ಇದಕ್ಕೆ. ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ನಿಮ್ಮ ಬೀದಿಯಲ್ಲಿ ಅಂಥ ಮನೆಯಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದುಕೊಂಡು ಹೋಗಿ, ಅರ್ಜಿ ತುಂಬಲು ನೆರವಾಗಿ.

ಹಿಂದಿರುಗಲು ಮನೆಯೇ ಇಲ್ಲದ ಮಕ್ಕಳೂ ಇದ್ದಾರೆ. ಅವರಿಗೆ ಬೇಕಾದದ್ದು ಪೋಷಕತ್ವ ಯೋಜನೆಯ ಕುಟುಂಬ. ದತ್ತು ಪಡೆಯದೆಯೂ ಮಗುವನ್ನು ಮನೆಯಲ್ಲಿಟ್ಟು ಬೆಳೆಸಲು ಇದರಲ್ಲಿ ಅವಕಾಶವಿದೆ. 2024ರ ಮಾರ್ಗಸೂಚಿಯ ಪ್ರಕಾರ ಒಂಟಿಯಾಗಿರುವವರೂ ಅರ್ಜಿ ಹಾಕಬಹುದು. ಅದಕ್ಕೂ ಹೋಗಬೇಕಾದದ್ದು ಅದೇ ಘಟಕಕ್ಕೆ. ಸಿಬ್ಬಂದಿ ಮನೆಗೆ ಬಂದು ಎಲ್ಲರನ್ನೂ ಮಾತಾಡಿಸುತ್ತಾರೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಅಜ್ಜ ಅಜ್ಜಿಯರಿಂದ ಹಿಡಿದು ನಿಮ್ಮ ಸ್ವಂತ ಮಕ್ಕಳವರೆಗೆ ಮನೆಮಂದಿಯ ಒಪ್ಪಿಗೆ ಕೇಳಿಕೊಳ್ಳಿ.